ಓಪನಿಂಗ್ ಸೀನ್ ಕೈಯಲ್ಲೇ ಹಿಡಿದು ತೆಗೆಯಬೇಕಾ, ಸೌಂಡ್ ಅಲ್ಲೇ ಹಿಡಿಯಬೇಕಾ? ಮಾಡಿದವರು ಅನುಭವ ಹೇಳಿ

ಹೊಸನಗರದ ಹುಡುಗ

ಎಲ್ಲರಿಗೂ ನಮಸ್ಕಾರ. 18 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇನೆ. ಮೊದಲ ಎರಡೂವರೆ ನಿಮಿಷದ ಬಗ್ಗೆ ಮಾತ್ರ ನನ್ನ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಬರುತ್ತದೆ. ಗಂಡ ಮೋಟಾರು ಹಾಕಲು ತೋಟಕ್ಕೆ ಹೋಗಿದ್ದಾನೆ. ಮೋಟಾರು ಓಡುವ ಸದ್ದು ಮನೆಗೆ ಕೇಳುತ್ತಿದೆ, ಆದರೆ ಮನುಷ್ಯ ವಾಪಸ್ ಬಂದಿಲ್ಲ. ಹೆಂಡತಿ ಬ್ಯಾಟರಿ ಹಿಡಿದುಕೊಂಡು ಅಡಿಕೆ ಮರಗಳ ನಡುವೆ ಪಂಪ್‌ಹೌಸಿಗೆ ಹೋಗುತ್ತಾಳೆ. ಅಷ್ಟೇ. ಮಾತಿಲ್ಲ. ನೋಡುವವರ ಎದೆ ಹಿಡಿದಂತಾಗಬೇಕು.

ಒಟ್ಟು ಬಜೆಟ್ 1 ಲಕ್ಷ 80 ಸಾವಿರ. ಈ ಸೀನಿಗೆ ಎರಡು ರಾತ್ರಿ ಇಟ್ಟುಕೊಂಡಿದ್ದೇನೆ. ಕ್ಯಾಮೆರಾ ಮಾಡುವ ಗೆಳೆಯ ಗಿಂಬಲ್ (ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಮೋಟಾರಿನ ಹಿಡಿಕೆ) ಬೇಕೇ ಬೇಕು ಅನ್ನುತ್ತಾನೆ. ನನಗೆ ಕೈಯಲ್ಲೇ ಹಿಡಿದು ತೆಗೆಯುವ ಆಸೆ. ಸೌಂಡ್ ಅಲ್ಲೇ ರೆಕಾರ್ಡ್ ಮಾಡುವುದಕ್ಕೆ ದಿನಕ್ಕೆ 9 ಸಾವಿರ ಕೇಳುತ್ತಿದ್ದಾರೆ. ಆಮೇಲೆ ಸ್ಟುಡಿಯೋದಲ್ಲಿ ಸೇರಿಸಬಹುದು ಅಂತಲೂ ಕೆಲವರು ಹೇಳಿದರು. ಇದು ನನ್ನ ಮೊದಲ ಸಿನಿಮಾ. ದಯವಿಟ್ಟು ಮಾಡಿದವರು ಹೇಳಿ.

ಹೆಗಲ ಮೇಲೆ ಕ್ಯಾಮೆರಾ

ಕೈಯಲ್ಲೇ ಹಿಡಿಯಿರಿ. ಎರಡನೇ ಯೋಚನೆ ಬೇಡ.

2019ರಲ್ಲಿ ಸಕಲೇಶಪುರದ ಒಂದು ಕಾಫಿ ತೋಟದಲ್ಲಿ 22 ನಿಮಿಷದ ಸಿನಿಮಾ ಮಾಡಿದೆ. ಮೊದಲ ನಾಲ್ಕು ನಿಮಿಷ ಪೂರ್ತಿ ಹೆಗಲ ಮೇಲೆ. ಒಬ್ಬ ಹುಡುಗ ತೋಟದೊಳಗೆ ಓಡುತ್ತಾನೆ, ಯಾಕೆ ಓಡುತ್ತಾನೆ ಅಂತ ಗೊತ್ತಿಲ್ಲ. ಅದನ್ನು ತೆಗೆಯುವಷ್ಟರಲ್ಲಿ ನಾನು ಪಟ್ಟ ಪಾಡು ಕೇಳಿ.

ಮೊದಲ ದಿನ ಬರೀ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಿದೆ. ನನ್ನ ಕ್ಯಾಮೆರಾ ಲೆನ್ಸ್ ಸೇರಿ ಒಂದೂವರೆ ಕೆಜಿ ಕೂಡ ಇರಲಿಲ್ಲ. ಹಗುರ ಇದ್ದಷ್ಟೂ ಅದು ಪಟಪಟ ಅಂತ ನಡುಗುತ್ತದೆ. ಪರದೆ ಮೇಲೆ ಅದು ಭಯದ ನಡುಕ ಅನ್ನಿಸುವುದಿಲ್ಲ, ಕೈ ನಡುಕ ಅನ್ನಿಸುತ್ತದೆ. ಹಳೇ ಫಿಲ್ಮ್ ಕ್ಯಾಮೆರಾ ಭಾರ ಇತ್ತು, ಹೆಗಲ ಮೇಲೆ ಕೂತರೆ ಮನುಷ್ಯ ಉಸಿರಾಡಿದಂತೆ ಅದೂ ಮೆಲ್ಲಗೆ ಏರಿಳಿಯುತ್ತಿತ್ತು. ನನಗೆ ಬೇಕಾಗಿದ್ದು ಅದು. ಮೊದಲ ದಿನ ತೆಗೆದದ್ದನ್ನೆಲ್ಲ ಬಿಸಾಡಿದೆ. ಬಾಡಿಗೆ, ಊಟ, ಜೀಪು, ಎರಡು ರೂಮು ಸೇರಿ 31 ಸಾವಿರ ನೀರಲ್ಲಿ ಹೋಯಿತು. ಎರಡನೇ ದಿನ ಹಾಸನದಿಂದ ಶೋಲ್ಡರ್ ರಿಗ್ ತರಿಸಿದೆ. ಹಿಂದುಗಡೆ ದೊಡ್ಡ ಬ್ಯಾಟರಿ, ಅದರ ಪಕ್ಕ ಎರಡು ಕೆಜಿ ಮರಳಿನ ಚೀಲ ಕಟ್ಟಿದೆ. ಒಟ್ಟು ಆರು ಕೆಜಿ ಚಿಲ್ಲರೆ ಆಯಿತು. ಆಗ ಬಂತು.

ಲೆನ್ಸಿನಲ್ಲೂ ಎಡವಿದೆ. 50 ಎಂಎಂ ಹಾಕಿ ಓಡಿದ್ದೆ. ಲೆನ್ಸ್ ಉದ್ದ ಆದಷ್ಟೂ ಕುಲುಕಾಟ ಜಾಸ್ತಿ ಕಾಣುತ್ತದೆ. ಏಳು ಟೇಕ್ ಆದಮೇಲೆ 24ಕ್ಕೆ ಇಳಿದೆ. ದೂರದಿಂದ ಹಿಂಬಾಲಿಸುವುದು ಬಿಟ್ಟು ಹುಡುಗನ ಮೂರಡಿ ಹತ್ತಿರ ಹೋದೆ. ಅವನು ಬಗ್ಗಿದರೆ ನಾನೂ ಬಗ್ಗಿದೆ. ಅವನಿಗಿಂತ ಮೊದಲು ನಾನು ಎಲ್ಲೂ ತಿರುಗಲಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಮುಂದೆ ಏನಾಗುತ್ತದೆ ಅಂತ ಕ್ಯಾಮೆರಾಗೆ ಗೊತ್ತಿರಬಾರದು. ಅದು ಅರ್ಧ ಕ್ಷಣ ತಡವಾಗಿ ನೋಡಬೇಕು. ಶಬ್ದ ಬಂದಮೇಲೆ ತಿರುಗಬೇಕು. ಮೊದಲೇ ತಿರುಗಿ ಕಾಯುತ್ತಾ ನಿಂತರೆ ಎಷ್ಟು ಅಲುಗಾಡಿಸಿದರೂ ಪ್ರಯೋಜನ ಇಲ್ಲ.

ಇನ್ನು ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಎಷ್ಟು ಹೊತ್ತು ಬೀಳಬೇಕು ಅನ್ನುವ ಲೆಕ್ಕ. ಮಾಮೂಲಿ 180 ಡಿಗ್ರಿ. 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಒಮಾಹಾ ಬೀಚ್ ಯುದ್ಧದ ಭಾಗದಲ್ಲಿ ಕ್ಯಾಮೆರಾಮನ್ ಕಮಿನ್‌ಸ್ಕಿ ಶಟರನ್ನು 90 ಡಿಗ್ರಿಗೆ, 45 ಡಿಗ್ರಿಗೆ ಇಳಿಸಿದ್ದು ಎಲ್ಲರಿಗೂ ಗೊತ್ತಿರುವುದೇ. ಸಿಡಿದ ಮಣ್ಣಿನ ಒಂದೊಂದು ಹರಳೂ ಚೂಪಾಗಿ ಕಾಣುತ್ತದೆ. ನಾನೂ 45 ಇಟ್ಟೆ. ಅವರು ತೆಗೆದದ್ದು ಬಯಲಿನಲ್ಲಿ, ಹಗಲು. ನಾನು ತೆಗೆದದ್ದು ಸಂಜೆ ಆರೂವರೆಗೆ, ಸಿಲ್ವರ್ ಓಕ್ ನೆರಳಲ್ಲಿ. 45 ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯಿತು. ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಏರಿಸಿದೆ, ಕಪ್ಪಿರುವ ಕಡೆಯಲ್ಲೆಲ್ಲ ಹುಳ ಹರಿದಂತೆ ನಾಯ್ಸ್ ಬಂತು. ಅದರ ಮೇಲೆ ಕೂಲಿಯವರ ಲೈನ್ ಮನೆಯ ಟ್ಯೂಬ್‌ಲೈಟು ಮಿನುಗಲು ಶುರುವಾಯಿತು. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದರೆ 172.8 ಡಿಗ್ರಿ ಇಡಬೇಕು, ನಾನು ಇಟ್ಟಿರಲಿಲ್ಲ. ಡಿಐನಲ್ಲಿ (ಕೊನೆಗೆ ಕಂಪ್ಯೂಟರಿನಲ್ಲಿ ಬಣ್ಣ, ಬೆಳಕು ಸರಿಮಾಡುವ ಕೆಲಸ) ಅದನ್ನು ತೆಗೆಸಲು 14 ಸಾವಿರ ಕೊಟ್ಟೆ. ಎರಡು ಶಾಟಿನಲ್ಲಿ ಇನ್ನೂ ಹಾಗೇ ಇದೆ. ನಿಮ್ಮ ಪಂಪ್‌ಹೌಸಿನಲ್ಲಿ ಬಲ್ಬು ಇದ್ದರೆ ಈಗಲೇ ಹೋಗಿ ಟೆಸ್ಟ್ ಮಾಡಿ.

ಒಂದು ಉತ್ಸವದಲ್ಲಿ ತೋರಿಸಿದಾಗ ಮುಂದಿನ ಸಾಲಿನ ಇಬ್ಬರು ತಲೆ ಸುತ್ತುತ್ತದೆ ಅಂತ ಎದ್ದು ಹೋದರು. ಹೋಗಲಿ. ಉಳಿದವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತಿದ್ದರು. ಆ ನಾಲ್ಕು ನಿಮಿಷದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ದಾವಣಗೆರೆ ನೈಟ್ ಶಿಫ್ಟ್

'ಹೋಗಲಿ' ಅಂದರೆ ಏನು ಸರ್? ದುಡ್ಡು ಕೊಟ್ಟು ಬಂದವರು ಕಣ್ಣು ಮುಚ್ಚಿಕೊಂಡರೆ ಅದನ್ನು ಗೆಲುವು ಅನ್ನುತ್ತೀರಾ?

ನಾನು ಗಿಂಬಲ್‌ನಲ್ಲಿ ಮಾಡಿದೆ. 2021, ಮುಚ್ಚಿಹೋದ ಕಾಟನ್ ಮಿಲ್ಲಿನೊಳಗೆ, ಮೂರು ರಾತ್ರಿ. ವಾಚ್‌ಮನ್ ಒಬ್ಬ ಖಾಲಿ ಶೆಡ್ಡುಗಳಲ್ಲಿ ನಡೆಯುತ್ತಾನೆ. ಕ್ಯಾಮೆರಾ ಅವನ ಹಿಂದೆ, ಅವನ ಹೆಜ್ಜೆಗಿಂತ ಸ್ವಲ್ಪ ನಿಧಾನವಾಗಿ, ಒಂದಿಷ್ಟೂ ಅಲುಗಾಡದೆ ತೇಲಿಕೊಂಡು ಹೋಗುತ್ತದೆ. ಮನುಷ್ಯ ಹಾಗೆ ನಡೆಯುವುದಿಲ್ಲ. ಹಾಗಾದರೆ ಹಿಂದೆ ಬರುತ್ತಿರುವುದು ಯಾರು? ಆ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಅಲುಗಾಡಿದರೇ ಟೆನ್ಶನ್ ಅನ್ನುವುದು ಒಂದು ರೂಢಿ ಆಗಿಬಿಟ್ಟಿದೆ.

ಸುಲಭ ಇತ್ತು ಅಂತ ಮಾತ್ರ ಯಾರೂ ತಿಳಿಯಬೇಡಿ. ಬಾಡಿಗೆ ದಿನಕ್ಕೆ 2,200. ಲೆನ್ಸ್ ಬದಲಿಸಿದಾಗಲೆಲ್ಲ ಬ್ಯಾಲೆನ್ಸ್ ಮಾಡಲು ಇಪ್ಪತ್ತು ನಿಮಿಷ. ಎರಡನೇ ರಾತ್ರಿ ಎರಡು ಗಂಟೆಗೆ ಒಂದು ಮೋಟಾರು ಕೈಕೊಟ್ಟಿತು. ಹುಬ್ಬಳ್ಳಿಯಿಂದ ಇನ್ನೊಂದು ಗಿಂಬಲ್ ಬೆಳಗಿನ ಬಸ್ಸಿನಲ್ಲಿ ಬಂತು, ಅಷ್ಟರಲ್ಲಿ ಬೆಳಕಾಯಿತು. 12 ಜನರ ಬಾಟಾ (ದಿನಭತ್ಯೆ), ಜನರೇಟರ್ ಡೀಸೆಲ್, ಮಿಲ್ ಬಾಡಿಗೆ, ಎಲ್ಲ ದಂಡ. ಮನೆಯಲ್ಲಿ ಹೆಂಡತಿಯ ಎರಡು ಬಳೆ ಅಡವಿಟ್ಟು ಮೂರನೇ ರಾತ್ರಿ ಮುಗಿಸಿದೆ. ಆಮೇಲೆ ಬಿಡಿಸಿಕೊಂಡೆ. ಆದರೆ ಆ ಶಾಟಿನಲ್ಲಿ ಒಬ್ಬರಿಗೂ ತಲೆ ಸುತ್ತಲಿಲ್ಲ, ಒಬ್ಬರೂ ಮಾತಾಡಲಿಲ್ಲ.

ಹೆಗಲ ಮೇಲೆ ಕ್ಯಾಮೆರಾ

ನಿಮ್ಮ ವಾಚ್‌ಮನ್ ಕಥೆಯಲ್ಲಿ ದೆವ್ವ ಇದೆ, ಹಾಗಾಗಿ ತೇಲಬಹುದು. ಇಲ್ಲಿ ಇರುವುದು ಗಂಡ ಬಂದಿಲ್ಲ ಅಂತ ಹುಡುಕಲು ಹೊರಟ ಹೆಂಗಸು. ಆ ಕ್ಯಾಮೆರಾ ಅವಳ ಹೆದರಿಕೆಯ ಜೊತೆ ಇರಬೇಕು. ನೀವು ಪ್ರಶ್ನೆಯನ್ನೇ ಓದಿಲ್ಲ.

ದಾವಣಗೆರೆ ನೈಟ್ ಶಿಫ್ಟ್

ಓದಿದ್ದೇನೆ. ನನ್ನ ಸಿನಿಮಾದಲ್ಲಿ ದೆವ್ವ ಇಲ್ಲ. ನೋಡದೆ ಮಾತಾಡಬೇಡಿ.

ಬೂಮ್ ಹಿಡಿದವಳು

ಇಬ್ಬರೂ ಸ್ವಲ್ಪ ನಿಲ್ಲಿಸಿ. ಇಷ್ಟುದ್ದ ಬರೆದಿದ್ದೀರಿ, ಸೌಂಡ್ ಬಗ್ಗೆ ಒಂದು ಸಾಲು ಇಲ್ಲ. ಅವರು ಕೇಳಿದ್ದು ಎರಡು ಪ್ರಶ್ನೆ.

ನಾನು ಹನ್ನೊಂದು ವರ್ಷದಿಂದ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಸದ್ದು ರೆಕಾರ್ಡ್ ಮಾಡುವ ಕೆಲಸ, ಮಾಡುತ್ತಿದ್ದೇನೆ. 2022ರ ಜುಲೈನಲ್ಲಿ ತೀರ್ಥಹಳ್ಳಿ ಕಡೆ ಒಂದು 26 ನಿಮಿಷದ ಸಿನಿಮಾ. ಅದೂ ರಾತ್ರಿ, ಅದೂ ತೋಟ, ಅದೂ ಮೊದಲ ಸೀನ್. ಜನರೇಟರ್ ಅರವತ್ತು ಮೀಟರ್ ದೂರದಲ್ಲಿ ನಿಲ್ಲಿಸಿದ್ದರು. ಇನ್ನೂರು ಮೀಟರ್ ದೂರ ತೆಗೆದುಕೊಂಡು ಹೋಗಿ, ಗುಡ್ಡದ ಆಚೆ ಮಗ್ಗುಲಿಗೆ ಇಡಿ ಅಂದೆ. ಉದ್ದ ಕೇಬಲ್‌ಗೆ 3,500 ಜಾಸ್ತಿ ಆಗುತ್ತದೆ ಅಂತ ಪ್ರೊಡಕ್ಷನ್‌ನವರು ಒಪ್ಪಲಿಲ್ಲ. ಆ 3,500 ನಾನೇ ಕೊಟ್ಟೆ, ನನ್ನ ಸಂಭಾವನೆಯಿಂದ. ಇಲ್ಲಿಯವರೆಗೆ ವಾಪಸ್ ಬಂದಿಲ್ಲ.

ಆಮೇಲೆ ಜೀರುಂಡೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮನುಷ್ಯ ಹತ್ತಿರ ಹೋದರೆ ಜೀರುಂಡೆ ಸುಮ್ಮನಾಗುತ್ತದೆ. ಹದಿನಾಲ್ಕು ಜನರ ಯೂನಿಟ್ ತೋಟದೊಳಗೆ ನಡೆದರೆ ಅಷ್ಟು ದೂರವೂ ಸ್ತಬ್ಧ. ಶಾಟ್ ರೆಡಿ ಅಂದರು. ನಾನು ಇಪ್ಪತ್ತು ನಿಮಿಷ ಬೇಕು ಅಂದೆ. ಯಾಕೆ ಅಂತ ಡೈರೆಕ್ಟರ್ ಕೂಗಾಡಿದರು. ಎಲ್ಲರನ್ನೂ ಕೂರಿಸಿ, ಲೈಟ್ ಆರಿಸಿ, ಮಳೆ ಹನಿ ಮರದಿಂದ ಬೀಳುವುದನ್ನು ಕೇಳುತ್ತಾ ಕೂತೆವು. ಮೊದಲು ದೂರದಲ್ಲಿ ಒಂದು ಕೂಗಿತು. ಆಮೇಲೆ ಎಡಗಡೆ. ಹದಿನೆಂಟು ನಿಮಿಷಕ್ಕೆ ಇಡೀ ತೋಟ ತುಂಬಿಕೊಂಡಿತು. ಆಗ ನಟಿಯೊಬ್ಬಳನ್ನೇ ನಡೆಯಲು ಹೇಳಿದೆ. ಅವಳು ನಡೆದ ಹಾಗೆ ಅವಳ ಸುತ್ತ ಜೀರುಂಡೆ ನಿಲ್ಲುತ್ತಾ ಹೋಯಿತು, ಅವಳು ದಾಟಿದ ಮೇಲೆ ಹಿಂದೆ ಮತ್ತೆ ಶುರುವಾಯಿತು. ಒಂದು ಮೌನದ ಗುಳ್ಳೆಯೊಳಗೆ ಅವಳು ನಡೆಯುತ್ತಿದ್ದಾಳೆ ಅನ್ನಿಸಿತು. ಹೆಡ್‌ಫೋನ್ ಹಾಕಿಕೊಂಡಿದ್ದ ನನ್ನ ಮೈ ಜುಮ್ಮೆಂದಿತು. ಇದ್ದಕ್ಕಿದ್ದಂತೆ ಅವಳು ಇಲ್ಲದ ಕಡೆಯೂ, ಬಲಗಡೆಯ ದರೆಯ ಹತ್ತಿರ, ಜೀರುಂಡೆ ನಿಂತಿತು. ಅಲ್ಲಿ ಯಾರೋ ಇದ್ದಾರೆ! ನಮ್ಮ ಯೂನಿಟ್‌ನ ಹುಡುಗನೇ, ನೀರು ಕುಡಿಯಲು ಎದ್ದಿದ್ದ. ಆದರೆ ಅದಕ್ಕಿಂತ ದೊಡ್ಡ ಟೆನ್ಶನ್ ಯಾವ ಮ್ಯೂಸಿಕ್ ಡೈರೆಕ್ಟರ್ ಕೊಡುತ್ತಾರೆ ಹೇಳಿ.

ಅದನ್ನು ಅವರು ಬಳಸಲಿಲ್ಲ. ಎಡಿಟ್ ಆದಮೇಲೆ ಲೈಬ್ರರಿಯಿಂದ ಯಾವುದೋ ದೇಶದ ಹುಳದ ಸದ್ದು ಹಾಕಿ, ಅದರ ಮೇಲೆ ಕೀಬೋರ್ಡಿನಿಂದ 'ಗೂಂ' ಅಂತ ಉದ್ದಕ್ಕೂ ಎಳೆದರು. ಶೋ ಮುಗಿದ ಮೇಲೆ ಕೊಪ್ಪದ ಹಿರಿಯರೊಬ್ಬರು ಬಂದು, ಇದು ನಮ್ಮ ಕಡೆ ಹುಳ ಅಲ್ಲವಲ್ಲ ಮಾರಾಯ್ತಿ ಅಂದರು. ಅವತ್ತು ಮನೆಗೆ ಬಂದು ಅತ್ತೆ. ಆ ಫೈಲ್ ಇನ್ನೂ ನನ್ನ ಹತ್ತಿರ ಇದೆ, 48 ಕಿಲೋಹರ್ಟ್ಸ್, 24 ಬಿಟ್, ಆರು ನಿಮಿಷ ಹನ್ನೊಂದು ಸೆಕೆಂಡ್.

'ಸನ್ ಆಫ್ ಸೌಲ್' (2015) ನೋಡಿ. ನಾಜಿ ಕ್ಯಾಂಪಿನ ಕಥೆ. ಮೊದಲ ಶಾಟ್ ಫೋಕಸ್ಸೇ ಇಲ್ಲ, ಬರೀ ಮಸುಕಾದ ಹಸಿರು. ಆ ಮನುಷ್ಯ ನಡೆದುಕೊಂಡು ಕ್ಯಾಮೆರಾದ ಹತ್ತಿರ ಬಂದಾಗ ಮುಖ ಫೋಕಸ್ಸಿಗೆ ಬರುತ್ತದೆ. ಆಮೇಲೆ ಕ್ಯಾಮೆರಾ ಅವನನ್ನು ಬಿಡುವುದಿಲ್ಲ. ಭಯಂಕರವಾದದ್ದೆಲ್ಲ ಹಿಂದೆ ಮಸುಕಾಗಿದೆ, ಇಲ್ಲವೇ ಫ್ರೇಮಿನಾಚೆ ಇದೆ. ನಮಗೆ ಅದು ಗೊತ್ತಾಗುವುದು ಕಿವಿಯಿಂದ: ಬಾಗಿಲು ಬಡಿಯುವುದು, ಬೇರೆ ಬೇರೆ ಭಾಷೆಯ ಕೂಗು. ಕ್ಯಾಮೆರಾ ಹತ್ತಿರ ಹೋದಷ್ಟೂ ಕಾಣುವುದು ಕಡಿಮೆ ಆಗುತ್ತದೆ, ಉಳಿದದ್ದನ್ನೆಲ್ಲ ಸೌಂಡ್ ಹೊರಬೇಕು. ಹೆಗಲ ಮೇಲಿಟ್ಟು ಮೂರಡಿ ಹತ್ತಿರ ಹೋದೆ ಅನ್ನುವವರು ಇದನ್ನು ಯೋಚಿಸಬೇಕು.

9 ಸಾವಿರ ಜಾಸ್ತಿ ಅಲ್ಲ. ಕೊಡಿ. ಬಟ್ಟೆಗೆ ಸಿಕ್ಕಿಸುವ ಪುಟ್ಟ ಲೇಪಲ್ ಮೈಕನ್ನು ಸೆರಗಿನೊಳಗೆ ಹಾಕಿ ಉಸಿರನ್ನು ಪ್ರತ್ಯೇಕ ಹಿಡಿಯಿರಿ. ಗಾಜಿನ ಬಳೆ ಹಾಕಿಸಿ. ಓಡುವಾಗ ಅವಳು ಬಳೆಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಸದ್ದು ನಿಲ್ಲಿಸಲಿ.

ಕೋಡಂಬಾಕ್ಕಂ ಹಳಬ

ಮೇಡಂ ಹೇಳಿದ್ದು ಚೆನ್ನಾಗಿದೆ. ಆದರೆ ಸ್ಟುಡಿಯೋದಲ್ಲಿ ಮಾಡಿದ್ದೆಲ್ಲ ಮೋಸ ಅನ್ನುವ ಧಾಟಿ ಸರಿಯಲ್ಲ. ನಾನು ಎಫೆಕ್ಟ್ಸ್ ಕೆಲಸ ಮಾಡಿದವನು, ಅಂದರೆ ಹೆಜ್ಜೆ, ಗೆಜ್ಜೆ ಅಂಥ ಸದ್ದನ್ನು ಸ್ಟುಡಿಯೋದಲ್ಲಿ ಕೈಕಾಲಿನಿಂದ ಮಾಡುವುದು, ಈಗಿನವರು ಫಾಲಿ ಅನ್ನುತ್ತಾರೆ. ಕನ್ನಡ ಸಿನಿಮಾದ ಡಬ್ಬಿಂಗು, ಆರ್‌ಆರ್ (ಹಿನ್ನೆಲೆ ಸಂಗೀತ), ಮಿಕ್ಸಿಂಗು ಮದ್ರಾಸಿನಲ್ಲೇ ಆಗುತ್ತಿದ್ದ ಕಾಲದಲ್ಲಿ 1984ರಿಂದ ಅಲ್ಲಿದ್ದೆ. ಶೂಟಿಂಗ್‌ನಲ್ಲಿ ಕ್ಯಾಮೆರಾದ ಗರಗರ ಸದ್ದು, ಜನರ ಗಲಾಟೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ನೀವು ಥಿಯೇಟರಿನಲ್ಲಿ ಹೆದರಿದ್ದೆಲ್ಲ ನಮ್ಮ ಕೈಕಾಲಿನಿಂದ ಬಂದದ್ದು.

ಒಂದು ಚಿತ್ರದ ಮೊದಲ ರೀಲು. ರಾತ್ರಿ ಹಳೇ ಮನೆಯಲ್ಲಿ ಹೆಂಗಸು ಮಹಡಿ ಹತ್ತುತ್ತಾಳೆ. ಕಾಲ್ಗೆಜ್ಜೆ ನನ್ನ ಕೈಯಲ್ಲಿ. ನಿರ್ದೇಶಕರಿಗೆ ಹದಿಮೂರು ಮೆಟ್ಟಿಲಿಗೆ ಹದಿಮೂರು ಬೇರೆ ಬೇರೆ ಸದ್ದು ಬೇಕು. ಹತ್ತನೆಯದಕ್ಕೆ ಮರ ಕಿರುಗುಟ್ಟಬೇಕು, ಹನ್ನೊಂದನೆಯದಕ್ಕೆ ಗೆಜ್ಜೆ ಇರಬಾರದು. ಯಾಕೆ ಅಂದರೆ ಕಾಲು ಮೇಲೆತ್ತಿ ನಿಂತಿದ್ದಾಳೆ, ಇಟ್ಟಿಲ್ಲ. ಚಿತ್ರದಲ್ಲಿ ಅವಳ ಕಾಲೇ ಕಾಣುವುದಿಲ್ಲ, ಮುಖ ಮಾತ್ರ. ನಡೆದವಳು ನಿಂತಳು ಅಂತ ಜನರಿಗೆ ಹೇಳಿದ್ದು ಆ ಒಂದು ಇಲ್ಲದ ಗೆಜ್ಜೆ. ಲೂಪ್ ಹಾಕಿ, ಅಂದರೆ ಅದೇ ತುಣುಕನ್ನು ಮತ್ತೆ ಮತ್ತೆ ಓಡಿಸಿ, ಒಂದು ಹಗಲು, ಅರ್ಧ ರಾತ್ರಿ ಮಾಡಿದೆವು. ನನಗೆ ಕೊಟ್ಟದ್ದು 75 ರೂಪಾಯಿ. ಟೈಟಲ್‌ನಲ್ಲಿ ಹೆಸರಿಲ್ಲ. ಮೊಣಕಾಲು ಹೋಗಿದ್ದು ಅದೇ ಕೆಲಸದಿಂದ, 2016ರಲ್ಲಿ ಆಪರೇಷನ್ ಆಯಿತು, 2 ಲಕ್ಷ 10 ಸಾವಿರ.

ಮ್ಯೂಸಿಕ್ ಬೇಡ ಅನ್ನುವುದರಲ್ಲಿ ಮಾತ್ರ ಮೇಡಂ ಜೊತೆ ಇದ್ದೇನೆ. ನಿರ್ದೇಶಕ ಆರ್ಸನ್ ವೆಲ್ಸ್ 'ಟಚ್ ಆಫ್ ಈವಿಲ್' (1958) ಚಿತ್ರದ ಮೊದಲ ಶಾಟನ್ನು ಮೂರು ನಿಮಿಷಕ್ಕೂ ಮೇಲೆ ಒಂದೇ ಉಸಿರಿಗೆ ತೆಗೆದರು. ಅದು ಕ್ರೇನ್ ಶಾಟ್. ಕಾರಿನಲ್ಲಿ ಬಾಂಬ್ ಇಟ್ಟದ್ದು ನಮಗೆ ಗೊತ್ತು, ಕೂತವರಿಗೆ ಗೊತ್ತಿಲ್ಲ. ಬೀದಿಯ ಕ್ಲಬ್ಬುಗಳಿಂದ, ಕಾರುಗಳ ರೇಡಿಯೋದಿಂದ ಬರುವ ಹಾಡುಗಳೇ ಕೇಳಬೇಕು ಅಂತ ಅವರ ಆಸೆ. ಸ್ಟುಡಿಯೋದವರು ಅದರ ಮೇಲೆ ಟೈಟಲ್ಲು, ಹೆನ್ರಿ ಮ್ಯಾನ್ಸಿನಿ ಮ್ಯೂಸಿಕ್ಕು ಹಾಕಿದರು. ವೆಲ್ಸ್ 58 ಪುಟದ ಟಿಪ್ಪಣಿ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ಎಡಿಟರ್ ವಾಲ್ಟರ್ ಮರ್ಚ್ 1998ರಲ್ಲಿ ಎರಡನ್ನೂ ತೆಗೆದು ಬೀದಿಯ ಸದ್ದನ್ನು ವಾಪಸ್ ತಂದರು. ಅಷ್ಟರಲ್ಲಿ ವೆಲ್ಸ್ ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ರ ಒಂದೇ, ಹೆದರಿಕೆ ಬೇರೆ. ಮತ್ತೆ ಗಮನಿಸಿ, ಅದನ್ನು ಸರಿ ಮಾಡಿದ್ದು ಮಿಕ್ಸಿಂಗ್ ಟೇಬಲ್ ಮೇಲೆ, ಬೀದಿಯಲ್ಲಿ ಬೂಮ್ (ಉದ್ದ ಕೋಲಿನ ಮೈಕ್) ಹಿಡಿದು ಅಲ್ಲ.

ತಮ್ಮಾ, 9 ಸಾವಿರ ಉಳಿಸಿ. ಒಣ ಅಡಿಕೆ ಹಾಳೆ ನಾಲ್ಕು ಮೂಟೆ ಸ್ಟುಡಿಯೋಗೆ ತನ್ನಿ. ಎರಡು ದಿನದಲ್ಲಿ ಆ ಎರಡೂವರೆ ನಿಮಿಷ ಕಟ್ಟಬಹುದು.

ಬೂಮ್ ಹಿಡಿದವಳು

ಸರ್, ನಿಮ್ಮ ಕೆಲಸಕ್ಕೆ ಕೈ ಮುಗಿಯುತ್ತೇನೆ, ಆದರೆ 'ಉಳಿಸಿ' ಅಂತ ಹುಡುಗನಿಗೆ ಹೇಳಬೇಡಿ. ಈ ಮಾತಿನಿಂದಲೇ ನಮ್ಮಲ್ಲಿ ಸಿಂಕ್ ಸೌಂಡ್ ಬರಲು ಇಷ್ಟು ವರ್ಷ ಬೇಕಾಯಿತು. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಇಟ್ಟುಕೊಂಡು 'ತಿಥಿ' ಸಿನಿಮಾ ಮಾಡಿದರಲ್ಲ, ಆ ಮಾತುಗಳನ್ನು ಡಬ್ಬಿಂಗ್ ಥಿಯೇಟರಿನಲ್ಲಿ ಕೂರಿಸಿ ತೆಗೆಯಲು ಆಗುತ್ತಿತ್ತಾ?

ಕೋಡಂಬಾಕ್ಕಂ ಹಳಬ

ಆಗುತ್ತಿರಲಿಲ್ಲ, ಒಪ್ಪಿದೆ. ಅಲ್ಲಿ ಇದ್ದದ್ದು ಮಾತು. ಈ ಹುಡುಗನ ಸೀನಿನಲ್ಲಿ ಮಾತೇ ಇಲ್ಲ. ಮಾತಿಲ್ಲದ ಕಡೆ ನಮ್ಮವರು ಬೇಕು. ನೀವು ಹದಿನೆಂಟು ನಿಮಿಷ ಕಾದಿರಿ, ಯೂನಿಟ್‌ಗೆ ಹದಿನೆಂಟು ನಿಮಿಷದ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದ್ದೀರಾ?

ಬೂಮ್ ಹಿಡಿದವಳು

ಹಾಕಿದ್ದೇನೆ. ನನ್ನ 3,500ಕ್ಕಿಂತ ಕಡಿಮೆ.

ಹಾಸನದ ಆಪರೇಟರ್

ನಾನು ಸಿನಿಮಾ ಮಾಡಿದವನಲ್ಲ, ಥಿಯೇಟರಿನಲ್ಲಿ 27 ವರ್ಷದಿಂದ ಆಪರೇಟರ್. ನನ್ನದೂ ಒಂದು ಮಾತಿದೆ, ಯಾಕೆಂದರೆ ಕೊನೆಗೆ ಬೈಗುಳ ತಿನ್ನುವವನು ನಾನು.

ಥಿಯೇಟರಿನ ಸೌಂಡ್ ಪ್ರೊಸೆಸರ್‌ನಲ್ಲಿ ವಾಲ್ಯೂಮ್ 7ಕ್ಕೆ ಇಟ್ಟರೆ ಮಿಕ್ಸಿಂಗ್‌ನಲ್ಲಿ ಕೇಳಿದಷ್ಟೇ ಕೇಳುತ್ತದೆ ಅಂತ ಲೆಕ್ಕ. ನಮ್ಮಲ್ಲಿ 4.5. ಟ್ರೇಲರ್, ಜಾಹೀರಾತು ಕಿವಿ ಕಿತ್ತುಹೋಗುವ ಹಾಗೆ ಬರುತ್ತವೆ, ಜನ ದೂರು ಹೇಳುತ್ತಾರೆ, ಮಾಲೀಕರು ಇಳಿಸು ಅನ್ನುತ್ತಾರೆ. ಒಂದು ಹೊಸಬರ ತಂಡ ಬಂತು. ಅವರ ಸಿನಿಮಾದ ಮೊದಲ ಮೂರು ನಿಮಿಷ ಉಸಿರು, ಹೆಜ್ಜೆ, ದೂರದ ನಾಯಿ. 4.5ರಲ್ಲಿ ಉಸಿರು ಎಲ್ಲಿ ಕೇಳಬೇಕು? ಫ್ಯಾನಿನ ಸದ್ದು, ಬಾಗಿಲ ಹತ್ತಿರ ಪಾಪ್‌ಕಾರ್ನ್ ಕವರ್. ಜನ ಸೌಂಡ್ ಬರುತ್ತಿಲ್ಲ ಅಂತ ಶಿಳ್ಳೆ ಹಾಕಿದರು. ನಾನು 6ಕ್ಕೆ ಏರಿಸಿದೆ. ಅಷ್ಟರಲ್ಲಿ ಕಿರುಚಾಟದ ಸೀನು ಬಂತು, ಎಲ್ಲರೂ ಕಿವಿ ಮುಚ್ಚಿಕೊಂಡರು. ಇಂಟರ್ವಲ್‌ನಲ್ಲಿ ಡೈರೆಕ್ಟರ್ ಪ್ರೊಜೆಕ್ಷನ್ ರೂಮಿಗೆ ಬಂದು ನನ್ನ ಕಾಲರ್ ಹಿಡಿದರು. ನನ್ನ ಮಗನ ವಯಸ್ಸು ಅವರಿಗೆ.

ತೆಗೆಯುವವರು ಒಮ್ಮೆ ಬೆಳಗಿನ ಶೋ ಮೊದಲು ಬಂದು ನಮ್ಮ ಹಾಲಿನಲ್ಲಿ ಕೂತು ಕೇಳಲಿ. ಫ್ಯಾನ್ ಹಾಕಿಯೇ ಕೇಳಲಿ.

ಮೊಬೈಲ್ ಮಿಕ್ಸರ್

ಹಾಸನದ ಅಣ್ಣ ಹೇಳಿದ್ದು ಥಿಯೇಟರಿಗೆ. ಆದರೆ ಕಿರುಚಿತ್ರವನ್ನು ಮುಕ್ಕಾಲು ಪಾಲು ಜನ ಫೋನಿನಲ್ಲೇ ನೋಡುವುದು. ನಾನು ಒಂದು ಸಿನಿಮಾದ ಓಪನಿಂಗ್‌ಗೆ 40 ಹರ್ಟ್ಸ್‌ನ, ಅಂದರೆ ತುಂಬಾ ತಗ್ಗಿನ ದನಿಯ, ಗುಡುಗು ಹಾಕಿ ಸ್ಟುಡಿಯೋದಲ್ಲಿ ಎಲ್ಲರ ಎದೆ ನಡುಗಿಸಿದ್ದೆ. ಯೂಟ್ಯೂಬಿಗೆ ಹಾಕಿದ ಮೇಲೆ ಅಮ್ಮ ಫೋನಿನಲ್ಲಿ ನೋಡಿ, ಸೌಂಡೇ ಇಲ್ಲ ಅಂದರು. ಫೋನಿನ ಸ್ಪೀಕರ್‌ಗೆ 40 ಹರ್ಟ್ಸ್ ಬರುವುದೇ ಇಲ್ಲ. ಮರುಮಿಕ್ಸಿಂಗ್ 11 ಸಾವಿರ. ಮೋಟಾರಿನ ಗುಂಯ್ ಅನ್ನುವ ಸದ್ದೂ ಅಷ್ಟೇ, ಅದರ ತಳ ಫೋನಿನಲ್ಲಿ ಸಿಗುವುದಿಲ್ಲ. ಪಂಪ್‌ಹೌಸಿನ ತಗಡಿನ ಬಾಗಿಲು ಮೋಟಾರಿಗೆ ಅದರುತ್ತದಲ್ಲ, ಆ ಚರಚರ ಸದ್ದನ್ನು ಪ್ರತ್ಯೇಕ ಹಿಡಿಯಿರಿ. ಅದು ಫೋನಿನಲ್ಲೂ ಕೇಳುತ್ತದೆ.

ಬೂಮ್ ಹಿಡಿದವಳು

ಇದು ನಿಜ. ತಗಡಿನ ವಿಷಯ ನನಗೆ ಹೊಳೆದಿರಲಿಲ್ಲ.

ಫೋಕಸ್ ನಾನೇ ಹಿಡಿದೆ

ಹೆಗಲ ಮೇಲೆ ಕ್ಯಾಮೆರಾ ಸರ್, ಸಕಲೇಶಪುರದ ಕಥೆ ಇಷ್ಟುದ್ದ ಬರೆದಿರಿ. ಆ ನಾಲ್ಕು ನಿಮಿಷದಲ್ಲಿ ಫೋಕಸ್ ಹಿಡಿದವರು ಯಾರು? ಅವರ ಬಗ್ಗೆ ಒಂದು ಮಾತೂ ಇಲ್ಲ. ನಾನು ನಿಮ್ಮ ಸಿನಿಮಾದಲ್ಲಿ ಇರಲಿಲ್ಲ, ಆದರೆ ಅದೇ ಥರದ ಕೆಲಸ ಮಾಡಿದ್ದೇನೆ. ರಾತ್ರಿ, ಅಪರ್ಚರ್ (ಬೆಳಕು ಬರುವ ಲೆನ್ಸಿನ ಬಾಯಿ) 1.8, ಮೂರಡಿ ದೂರ. ಫೋಕಸ್ ನಿಲ್ಲುವ ಜಾಗ ಅಂಗೈ ಅಗಲ. ನೆಲದಲ್ಲಿ ಟೇಪ್ ಹಚ್ಚಿ ಗುರುತು ಮಾಡಲು ಆಗುವುದಿಲ್ಲ, ಏಕೆಂದರೆ ನಟನೂ ಓಡುತ್ತಾನೆ, ಕ್ಯಾಮೆರಾಮನ್ನೂ ಓಡುತ್ತಾನೆ, ಇಬ್ಬರೂ ಪ್ರತಿ ಟೇಕಿಗೆ ಬೇರೆ ದಾರಿ. ವೈರ್‌ಲೆಸ್ ಮಾನಿಟರ್ ಬಾಡಿಗೆ ದುಬಾರಿ ಅಂತ ಕೊಡಲಿಲ್ಲ. ಕೆಸರಿನ ಗದ್ದೆ ಬದುವಿನ ಮೇಲೆ ಪಕ್ಕದಲ್ಲಿ ಓಡಿದೆ, ಬಿದ್ದೆ, ಮಣಿಕಟ್ಟು ಉಳುಕಿತು. ಹದಿಮೂರು ಟೇಕ್. ಹತ್ತರಲ್ಲಿ ಫೋಕಸ್ ಹೋಯಿತು ಅಂತ ಎಲ್ಲರ ಮುಂದೆ ಬೈಸಿಕೊಂಡೆ. ಸಿನಿಮಾದಲ್ಲಿ ಇಟ್ಟದ್ದು ಹದಿಮೂರನೆಯದು. ಅದರಲ್ಲಿ ಎರಡು ಸೆಕೆಂಡ್ ಮಸುಕಾಗಿ ಮತ್ತೆ ಮುಖ ಹಿಡಿದದ್ದನ್ನು ವಿಮರ್ಶೆಯಲ್ಲಿ ಬಹಳ ಹೊಗಳಿದರು, ಕ್ಯಾಮೆರಾಮನ್ನನ್ನು. ನನ್ನ ಹೆಸರು ಟೈಟಲ್‌ನಲ್ಲಿ 'ಮತ್ತು ಗೆಳೆಯರು' ಅನ್ನುವುದರೊಳಗೆ ಹೋಯಿತು.

ಹೆಗಲ ಮೇಲೆ ಕ್ಯಾಮೆರಾ

ನಾನು ನನ್ನ ಫೋಕಸ್ ಪುಲ್ಲರ್‌ಗೆ ದಿನಕ್ಕೆ 2,500 ಕೊಟ್ಟಿದ್ದೇನೆ, ಹೆಸರೂ ಹಾಕಿದ್ದೇನೆ, ಪರದೆ ಮೇಲೆ ಅವರೊಬ್ಬರದೇ ಹೆಸರು, ಒಂಟಿ ಕಾರ್ಡ್. ಬೇರೆಯವರು ಮಾಡಿದ ಅನ್ಯಾಯಕ್ಕೆ ನನ್ನನ್ನು ಯಾಕೆ ಹಿಡಿಯುತ್ತೀರಿ?

ಫೋಕಸ್ ನಾನೇ ಹಿಡಿದೆ

31 ಸಾವಿರ ಹೋದದ್ದು ನೆನಪಿದೆ, ಮರಳಿನ ಚೀಲ ನೆನಪಿದೆ. ಅವರನ್ನು ನೆನಪಿಸಿಕೊಳ್ಳಲು ನಾನು ಕೇಳಬೇಕಾಯಿತು. ಅದಕ್ಕೇ.

ದಾವಣಗೆರೆ ನೈಟ್ ಶಿಫ್ಟ್

ಇದು ಸರಿಯಾದ ಮಾತು. ಗಿಂಬಲ್ ಇರಲಿ, ಹೆಗಲು ಇರಲಿ, ಫೋಕಸ್‌ನವರಿಗೆ ಮಾನಿಟರ್ ಕೊಡದೆ ರಾತ್ರಿ ಶೂಟ್ ಮಾಡಬಾರದು.

ಹೆಗಲ ಮೇಲೆ ಕ್ಯಾಮೆರಾ

ಸರಿ. ನನ್ನ ಜೊತೆ ಓಡಿದವನು ಚನ್ನರಾಯಪಟ್ಟಣದ ಹುಡುಗ. ಎರಡನೇ ದಿನ ಜ್ವರ ಇತ್ತು, ಹೇಳಲಿಲ್ಲ, ಓಡಿದ. ಇದನ್ನು ಮೊದಲೇ ಬರೆಯಬೇಕಿತ್ತು.

ಇನ್ನೊಂದು ವಿಷಯ, ಮೇಡಂ ಸೌಂಡ್ ಬಗ್ಗೆ ಕೇಳಿದರಲ್ಲ. ನಾನು ಬರೆಯದೆ ಬಿಟ್ಟದ್ದು ಬೇಕಂತಲೇ. ನನ್ನ ನಾಲ್ಕು ನಿಮಿಷಕ್ಕೆ ಮೊದಲು ಡ್ರಮ್ಸ್ ಹಾಕಿಸಿದ್ದೆ. 18 ಸಾವಿರದ ಮ್ಯೂಸಿಕ್. ಕೊನೆ ಗಳಿಗೆಯಲ್ಲಿ ತೆಗೆದೆ. ಡ್ರಮ್ಸ್ ಇದ್ದಾಗ ಹುಡುಗ ವೇಗವಾಗಿ ಓಡುತ್ತಿದ್ದಾನೆ ಅನ್ನಿಸುತ್ತಿತ್ತು, ತೆಗೆದಮೇಲೆ ಸಿಕ್ಕಿಬೀಳುತ್ತಾನೆ ಅನ್ನಿಸಿತು. ಒಮಾಹಾ ಬೀಚ್ ಭಾಗದಲ್ಲೂ ಮ್ಯೂಸಿಕ್ ಇಲ್ಲ. ಕ್ಯಾಪ್ಟನ್‌ಗೆ ಸ್ಫೋಟದಿಂದ ಕಿವಿ ಮಂದವಾದಾಗ ನಮಗೂ ಎಲ್ಲ ಸದ್ದು ದೂರ ಸರಿಯುತ್ತದೆ. ಅಲ್ಲಿಯವರೆಗೆ ಕುಲುಕುತ್ತಿದ್ದ ಕ್ಯಾಮೆರಾ ಆಗ ಸುಮ್ಮನೆ ಅವನ ಮುಖ ನೋಡುತ್ತದೆ. ಆ ಮ್ಯೂಸಿಕ್ ಮಾಡಿದ ಗೆಳೆಯ ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ. ಈಗಲೂ ಮೊದಲಿನ ಹಾಗಿಲ್ಲ.

ಕೋಡಂಬಾಕ್ಕಂ ಹಳಬ

ಆ ಗೆಳೆಯನಿಗೆ ಒಮ್ಮೆ ಫೋನ್ ಮಾಡಿ. ಆರ್‌ಆರ್ ತೆಗೆದುಹಾಕಿದರೆ ಮನೆಯಿಂದ ಹೊರಗೆ ಹಾಕಿದಂತೆ ಆಗುತ್ತದೆ ಅವರಿಗೆ. ನಾನು ನೋಡಿದ್ದೇನೆ.

ಹೊಸನಗರದ ಹುಡುಗ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಒಂದು ಟೆಸ್ಟ್ ಮಾಡಿದೆ. ಅಮ್ಮನನ್ನೇ ಬ್ಯಾಟರಿ ಕೊಟ್ಟು ನಡೆಸಿದೆ. ಗೆಳೆಯ ಕ್ಯಾಮೆರಾಗೆ ಎರಡು ಕೆಜಿ ಅಕ್ಕಿ ಚೀಲ ಕಟ್ಟಿ ಹೆಗಲ ಮೇಲಿಟ್ಟು ಹಿಂದೆ ಹೋದ. 24 ಎಂಎಂ. ಗಿಂಬಲ್ ಬೇಡ ಅಂತ ಅವನೇ ಈಗ ಹೇಳುತ್ತಿದ್ದಾನೆ. ಬಲ್ಬು ಮಿನುಗಿತು, 172.8ಕ್ಕೆ ಇಟ್ಟಮೇಲೆ ನಿಂತಿತು. ಫೋಕಸ್‌ಗೆ ಒಬ್ಬರು ಬೇಕೇ ಬೇಕು ಅಂತ ಗೊತ್ತಾಯಿತು, ಮಾನಿಟರ್ ಬಾಡಿಗೆ ಲೆಕ್ಕಕ್ಕೆ ಸೇರಿಸಿದ್ದೇನೆ.

ಆಮೇಲೆ ಜೀರುಂಡೆ. ಮೇಡಂ ಹೇಳಿದ ಹಾಗೆ ಎಲ್ಲರೂ ಕೂತು ಕಾದೆವು. ಇಪ್ಪತ್ತೈದು ನಿಮಿಷ ಆಯಿತು. ಅಮ್ಮ ಅರ್ಧ ದಾರಿಯಲ್ಲಿ ತಾನಾಗಿಯೇ ನಿಂತಳು. ನಾನು ಹೇಳಿರಲಿಲ್ಲ. ಯಾಕಮ್ಮಾ ನಿಂತೆ ಅಂದರೆ, ಹುಳ ನಿಂತಿತಲ್ಲ, ಅದಕ್ಕೆ ಅಂದಳು. ಹಾಗಾಗಿ ಸೌಂಡಿಗೆ ಎರಡೂ ರಾತ್ರಿ ಜನ ಕರೆಯುತ್ತಿದ್ದೇನೆ, 18 ಸಾವಿರ. ಹಳಬರು ಬೇಸರ ಮಾಡಿಕೊಳ್ಳಬೇಡಿ. ಹಾಳೆಯ ಹೆಜ್ಜೆಯನ್ನು ಸ್ಟುಡಿಯೋದಲ್ಲಿ ಮಾಡಿಸುತ್ತೇನೆ, ಏಕೆಂದರೆ ಈ ತಿಂಗಳು ತೋಟದಲ್ಲಿ ಹಾಳೆ ಒದ್ದೆ, ಮುರಿಯುವ ಸದ್ದು ಬರುವುದಿಲ್ಲ.

ಒಂದೇ ಸಮಸ್ಯೆ ಉಳಿದಿದೆ. ಮೋಟಾರು ಓಡುವಾಗ ಪಂಪ್‌ಹೌಸಿನ ಹತ್ತಿರ ಬೇರೆ ಏನೂ ಕೇಳುವುದಿಲ್ಲ. ಉಸಿರೂ ಮುಚ್ಚಿಹೋಗುತ್ತದೆ.

ಬೂಮ್ ಹಿಡಿದವಳು

ಮೋಟಾರು ಆಫ್ ಮಾಡಿ ನಟಿಯ ಟೇಕ್ ತೆಗೆಯಿರಿ. ಮೋಟಾರನ್ನು ಬೇರೆಯಾಗಿ ರೆಕಾರ್ಡ್ ಮಾಡಿ: ಮನೆಯಂಗಳದಿಂದ, ತೋಟದ ಮಧ್ಯದಿಂದ, ಬಾಗಿಲ ಹೊರಗಿನಿಂದ, ಒಳಗಿನಿಂದ. ನಾಲ್ಕು ಕಡೆ, ಒಂದೊಂದು ಕಡೆ ಐದು ನಿಮಿಷ. ಸ್ಟಾರ್ಟರ್ ಒತ್ತುವ ಸದ್ದು, ಕರೆಂಟ್ ಹೋಗಿ ಮೋಟಾರು ಇಳಿಯುತ್ತಾ ನಿಲ್ಲುವ ಸದ್ದು ಕೂಡ ಇರಲಿ. ಆ ನಿಲ್ಲುವುದನ್ನು ಕಡಿಮೆ ಅಂದರೂ ಆರು ಸಲ ಹಿಡಿಯಿರಿ, ಪ್ರತಿ ಸಲ ಬೇರೆ ಬರುತ್ತದೆ.

ಕೋಡಂಬಾಕ್ಕಂ ಹಳಬ

ಇಲ್ಲಿ ಮೇಡಂ ಹೇಳಿದ್ದೇ ಸರಿ. ಮೋಟಾರು ನಿಲ್ಲುವುದನ್ನು ನಾವು ಕೈಯಲ್ಲಿ ಮಾಡಲು ಆಗುವುದಿಲ್ಲ. ಒಂದು ವಿಷಯ ತಮ್ಮಾ, ನಿಮ್ಮ ಮೋಟಾರು ಎಷ್ಟು ಎಚ್‌ಪಿ? ನೀರು ಎತ್ತುತ್ತಿರುವಾಗ ರೆಕಾರ್ಡ್ ಮಾಡಿ. ಖಾಲಿ ಓಡುವಾಗ ಅದರ ದನಿಯೇ ಬೇರೆ, ತೋಟದವರಿಗೆ ತಕ್ಷಣ ಗೊತ್ತಾಗುತ್ತದೆ.

ಹೊಸನಗರದ ಹುಡುಗ

ಐದು ಎಚ್‌ಪಿ ಸರ್. ಇವತ್ತು ಕರೆಂಟು ಹನ್ನೆರಡೂವರೆಗೆ ಅಂತೆ. ಕಾಯುತ್ತಿದ್ದೇನೆ.